ಅಪ್ಪನ ಗ್ರಾಚ್ಯುಟಿ ದುಡ್ಡು, ಕೆಎಫ್‌ಸಿ ಕರ್ನಲ್ ಕಥೆ: ಚಿಕನ್ ಅಂಗಡಿ ಹಾಕಬಹುದಾ?

ತುಮಕೂರು_ಹುಡುಗ:
ಎಲ್ಲರಿಗೂ ನಮಸ್ಕಾರ. ಅಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಬರೋ ಮೇ ತಿಂಗಳಲ್ಲಿ ನಿವೃತ್ತಿ. ವಾಟ್ಸಾಪ್‌ನಲ್ಲಿ ಕರ್ನಲ್ ಸ್ಯಾಂಡರ್ಸ್ ಕಥೆ ಬಂದಾಗಿಂದ ಅವರ ತಲೆಯಲ್ಲಿ ಅದೇ ಓಡ್ತಿದೆ. 65ನೇ ವಯಸ್ಸಲ್ಲಿ ಕೈಯಲ್ಲಿ ಕಾಸಿಲ್ಲದೆ ಒಂದು ರೆಸಿಪಿ ಹಿಡಿದು ಹೊರಟರಂತೆ, 1009 ಹೋಟೆಲ್‌ನವರು ಬೇಡ ಅಂದ್ರಂತೆ, ಕೊನೆಗೆ ಒಬ್ಬ ಒಪ್ಪಿದನಂತೆ, ಕೋಟ್ಯಧಿಪತಿ ಆದರಂತೆ. ಈಗ ಅಪ್ಪ ಗ್ರಾಚ್ಯುಟಿ ದುಡ್ಡು ಹಾಕಿ ಒಂದು ಫ್ರೈಡ್ ಚಿಕನ್ ಕಂಪನಿಯ ಫ್ರಾಂಚೈಸಿ ತಗೋತೀನಿ ಅಂತ ಕೂತಿದ್ದಾರೆ. ಅಮ್ಮನಿಗೆ ನಿದ್ದೆ ಇಲ್ಲ. ಅಪ್ಪನ ಹುರುಪಿಗೆ ತಣ್ಣೀರೆರಚೋಕೆ ನನಗೂ ಮನಸ್ಸಿಲ್ಲ. ಸ್ಯಾಂಡರ್ಸ್ ಜೀವನದಲ್ಲಿ ನಿಜವಾಗಿ ನಡೆದಿದ್ದೇನು? ಅದರಲ್ಲಿ ಅಪ್ಪನಿಗೆ ಉಪಯೋಗಕ್ಕೆ ಬರೋದು ಏನಿದೆ?

ಮಂಡ್ಯ_ಮಿಲಿಟರಿ_ಹೋಟ್ಲು:
ತಮ್ಮಾ, ನಮ್ಮದು ಮಿಲಿಟರಿ ಹೋಟ್ಲು, ನಮ್ಮಪ್ಪನ ಕಾಲದಿಂದ ನಡೀತಿದೆ. ಸ್ಯಾಂಡರ್ಸ್ ಅಂದ್ರೆ ನನಗೆ ಬಹಳ ಗೌರವ. ಅದಕ್ಕೇ ಆ ಫಾರ್ವರ್ಡ್ ಕಂಡಾಗೆಲ್ಲ ಬೇಜಾರಾಗುತ್ತೆ, ಅವರು ದುಡಿದ ವರ್ಷಗಳನ್ನೇ ಅದರಲ್ಲಿ ಬಿಟ್ಟುಬಿಟ್ಟಿದ್ದಾರೆ.

65ಕ್ಕೆ ಶುರು ಮಾಡಿದ್ರು ಅನ್ನೋದೇ ಸುಳ್ಳು. ಅವರು ಹುಟ್ಟಿದ್ದು 1890ರಲ್ಲಿ, ಅಮೆರಿಕದ ಇಂಡಿಯಾನಾದಲ್ಲಿ. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡ್ರು. ತಾಯಿ ದುಡಿಯೋಕೆ ಹೋದಾಗ ತಮ್ಮ, ತಂಗಿಗೆ ಬೇಯಿಸಿ ಹಾಕ್ತಿದ್ದವರು ಇವರೇ. ಆಮೇಲೆ ರೈಲ್ವೆ ಕೆಲಸ, ವಿಮೆ, ಟೈರ್ ಮಾರಾಟ, ಸ್ವಲ್ಪ ದಿನ ವಕೀಲಿಕೆ. 1930ರಲ್ಲಿ ಕೆಂಟಕಿಯ ಕಾರ್ಬಿನ್ ಅನ್ನೋ ಊರಲ್ಲಿ, ಹೆದ್ದಾರಿ ಪಕ್ಕ ಪೆಟ್ರೋಲ್ ಬಂಕ್ ಹಿಡಿದ್ರು. ಅಲ್ಲಿ ಹೋಟ್ಲು ಅಂತ ಏನೂ ಇರಲಿಲ್ಲ, ಮನೆಯವರು ಊಟ ಮಾಡೋ ಮೇಜಿನ ಮೇಲೇ ದಾರಿಹೋಕರಿಗೂ ಬಡಿಸ್ತಿದ್ರು. ಜನ ಪೆಟ್ರೋಲ್‌ಗಿಂತ ಊಟಕ್ಕೇ ಬರೋ ಹಾಗಾದ ಮೇಲೆ ದೊಡ್ಡದು ಮಾಡಿದ್ರು. 1939ರಲ್ಲಿ ಅದು ಬೆಂಕಿ ಬಿದ್ದು ಸುಟ್ಟುಹೋಯ್ತು, 140 ಜನ ಕೂರೋ ಹಾಗೆ ಮತ್ತೆ ಕಟ್ಟಿಸಿದ್ರು. ಅಂದ್ರೆ 65 ತುಂಬೋ ಹೊತ್ತಿಗೆ ಅವರಿಗೆ 25 ವರ್ಷದ ಹೋಟ್ಲು ಅನುಭವ ಇತ್ತು.

ಎಲ್ಲರೂ 11 ಮಸಾಲೆ ಗುಟ್ಟಿನ ಬಗ್ಗೆ ಮಾತಾಡ್ತಾರೆ. ಹೋಟ್ಲು ನಡೆಸೋನು ಕೇಳಿದ್ರೆ ಅವರ ದೊಡ್ಡ ಕೆಲಸ ಕುಕ್ಕರ್. ಕೋಳಿನ ಬಾಣಲೆಯಲ್ಲಿ ಹದವಾಗಿ ಕರಿಯೋಕೆ ಅರ್ಧ ಗಂಟೆ ಬೇಕು. ಹೆದ್ದಾರಿ ಗಿರಾಕಿ ಅಷ್ಟು ಹೊತ್ತು ಕೂರ್ತಾನಾ? ಮುಂಚೆಯೇ ಕರಿದಿಟ್ರೆ ಉಳಿದಿದ್ದು ರಾತ್ರಿ ತಿಪ್ಪೆಗೆ. ಎಣ್ಣೆಯಲ್ಲಿ ಮುಳುಗಿಸಿ ಬೇಗ ತೆಗೆದ್ರೆ ಒಣಕಲು, ಒಂದೇ ಸಮ ಬೇಯೋದೂ ಇಲ್ಲ. ಆಗ ಪ್ರೆಶರ್ ಕುಕ್ಕರ್ ಹೊಸದಾಗಿ ಬಂದಿತ್ತು, ತರಕಾರಿ ಬೇಯಿಸೋಕೆ. ಸ್ಯಾಂಡರ್ಸ್ 1939ರಲ್ಲಿ ಅದನ್ನ ತಂದು ಎಣ್ಣೆ ಹಾಕಿ, ಎಷ್ಟು ಒತ್ತಡ, ಎಷ್ಟು ಹೊತ್ತು ಅಂತ ಮಾಡಿ ಮಾಡಿ ನೋಡಿ ಹದ ಕಂಡುಕೊಂಡ್ರು. (ಮನೆ ಕುಕ್ಕರ್‌ನಲ್ಲಿ ಯಾರೂ ಹೀಗೆ ಮಾಡಬೇಡಿ, ಸಿಡಿದ್ರೆ ಪ್ರಾಣ ಹೋಗುತ್ತೆ. ಅದಕ್ಕೆ ಈಗ ಬೇರೆ ಯಂತ್ರ ಬರುತ್ತೆ.) ಹತ್ತು ನಿಮಿಷದೊಳಗೆ ಕೋಳಿ ಬೆಂದು, ಒಳಗೆ ರಸ ಹಾಗೇ ಉಳೀತಿತ್ತು. ಆರ್ಡರ್ ಬಂದ ಮೇಲೆ ಕರಿದು ಬಿಸಿಬಿಸಿ ಕೊಡಬಹುದು, ರಾತ್ರಿ ಉಳಿಯೋದು ಕಮ್ಮಿ. ಚಾಪ್ಸ್ ಎಷ್ಟು ಮಾಡಿಡಬೇಕು ಅಂತ ದಿನಾ ಬೆಳಿಗ್ಗೆ ಅಂದಾಜು ಹಾಕೋ ನನ್ನಂಥವನಿಗೆ ಇದರ ಬೆಲೆ ಗೊತ್ತು.

1009ರ ಲೆಕ್ಕಕ್ಕೆ ದಾಖಲೆ ಇಲ್ಲ. ಮೊದಲು ಒಪ್ಪಿದವರು ಪೀಟ್ ಹರ್ಮನ್, ಸಾಲ್ಟ್ ಲೇಕ್ ಸಿಟಿಯ ಹೋಟೆಲ್ ಮಾಲೀಕರು, ಸ್ಯಾಂಡರ್ಸ್‌ಗೆ ಮೊದಲೇ ಸ್ನೇಹಿತರು. ಅದು 1952ರಲ್ಲಿ, ಕಾರ್ಬಿನ್ ಹೋಟ್ಲು ಇನ್ನೂ ನಡೀತಿದ್ದಾಗಲೇ. ‘ಕೆಂಟಕಿ ಫ್ರೈಡ್ ಚಿಕನ್’ (ಅದೇ ಕೆಎಫ್‌ಸಿ) ಅನ್ನೋ ಹೆಸರು ಹುಟ್ಟಿದ್ದೂ ಹರ್ಮನ್ ಹತ್ತಿರವೇ, ಬೋರ್ಡ್ ಬರೆಯೋಕೆ ಬಂದವನ ಬಾಯಲ್ಲಿ. ಮುಂದೆ ಹೊಸ ಹೆದ್ದಾರಿ ಕಾರ್ಬಿನ್ ಬಿಟ್ಟು ಆಚೆ ಹೋಗುತ್ತೆ ಅಂತಾಯ್ತು. 1956ರಲ್ಲಿ ಹೋಟ್ಲನ್ನ ನಷ್ಟಕ್ಕೆ ಮಾರಿದ್ರು. ಉಳಿದಿದ್ದು ಸ್ವಲ್ಪ ಉಳಿತಾಯ, ತಿಂಗಳಿಗೆ 105 ಡಾಲರ್ ಪಿಂಚಣಿ. ಫಾರ್ವರ್ಡ್‌ನಲ್ಲಿ ಕಥೆ ಶುರುವಾಗೋದು ಇಲ್ಲಿಂದ. ಕಾರಲ್ಲಿ ಕುಕ್ಕರ್, ಮಸಾಲೆ ಇಟ್ಟುಕೊಂಡು ಊರೂರು ತಿರುಗಿ, ಕಾರಲ್ಲೇ ಮಲಗಿ, ಹೋಟ್ಲು ಮಾಲೀಕರ ಅಡುಗೆಮನೆಯಲ್ಲೇ ಕರಿದು ತೋರಿಸಿದ್ದು, ಬೇಡ ಅನ್ನಿಸಿಕೊಂಡಿದ್ದು, ಅದೆಲ್ಲ ನಿಜ. ಹೆಂಡತಿ ಕ್ಲಾಡಿಯಾ ಮಸಾಲೆ ಬೆರೆಸಿ, ಕಟ್ಟಿ ಕಳಿಸ್ತಿದ್ರು. ಆಯಮ್ಮನ ಹೆಸರನ್ನ ಫಾರ್ವರ್ಡ್ ಮಾಡೋರು ಯಾರೂ ಹೇಳಲ್ಲ.

ಈಗ ನಿಮ್ಮಪ್ಪನ ವಿಷಯ. ಈ ಕಥೆಯಲ್ಲಿ ಅವರು ನಿಂತಿರೋದು ಸ್ಯಾಂಡರ್ಸ್ ಜಾಗದಲ್ಲಿ ಅಲ್ಲ, ಹರ್ಮನ್ ಜಾಗದಲ್ಲಿ. ಹರ್ಮನ್ ಅಷ್ಟು ಹೊತ್ತಿಗೆ ಹೋಟ್ಲು ನಡೆಸ್ತಾ ಇದ್ದವರು. ಗಿರಾಕಿ ಇದ್ರು, ಆಳು ಇದ್ರು, ಒಲೆ ಇತ್ತು. ಅದಕ್ಕೆ ಒಂದು ಐಟಂ ಸೇರಿಸಿಕೊಂಡ್ರು ಅಷ್ಟೆ, ಕರ್ನಲ್‌ಗೆ ಕೊಟ್ಟಿದ್ದು ಮಾರಿದ ಕೋಳಿಯೊಂದಕ್ಕೆ 4 ಸೆಂಟ್. ವ್ಯಾಪಾರ ಆಗದಿದ್ರೆ ಕರ್ನಲ್‌ಗೂ ಏನಿಲ್ಲ. ನಿಮ್ಮಪ್ಪನ ಹತ್ತಿರ ಕಂಪನಿಯವರು ಅಂಗಡಿ ಬಾಗಿಲು ತೆಗೆಯೋಕೆ ಮುಂಚೆ ಎಷ್ಟು ಕೇಳ್ತಿದ್ದಾರೆ? ಮತ್ತೆ, ಅವರಿಗೆ ಅಡುಗೆ ಬರುತ್ತಾ?

ಲೆಕ್ಕದ_ಪುಸ್ತಕ:
ಮಂಡ್ಯದವರು ಹೇಳಿದ್ದು ಸರಿ. ನಾನು ಅಕೌಂಟೆಂಟ್, ಇಂಥ ಒಪ್ಪಂದಗಳನ್ನು ಓದೋದೇ ಕೆಲಸ. ಸ್ಯಾಂಡರ್ಸ್ 1964ರಲ್ಲಿ, 73ನೇ ವಯಸ್ಸಲ್ಲಿ, ಕಂಪನಿಯನ್ನು 20 ಲಕ್ಷ ಡಾಲರ್‌ಗೆ ಮಾರಿದರು, ಕೆನಡಾ ವ್ಯವಹಾರ ಮಾತ್ರ ಉಳಿಸಿಕೊಂಡರು. ಏಳು ವರ್ಷಕ್ಕೆ, 1971ರಲ್ಲಿ, ಅದೇ ಕಂಪನಿ ಮದ್ಯ, ಆಹಾರ ಮಾರೋ ಹ್ಯೂಬ್ಲೈನ್‌ಗೆ ಹೋಗಿದ್ದು 28.5 ಕೋಟಿ ಡಾಲರ್‌ಗೆ. ಜಾಹೀರಾತಿನಲ್ಲಿ ಅವರದೇ ಮುಖ, ಆದರೆ ಗ್ರೇವಿ ಕೆಟ್ಟಿದೆ ಅಂತ ಅವರು ಬಹಿರಂಗವಾಗಿ ಬೈದರೂ ಅದನ್ನು ಬದಲಾಯಿಸೋ ಅಧಿಕಾರ ಇರಲಿಲ್ಲ. ಹೆಸರು ಕೊಟ್ಟವರ ಸ್ಥಿತಿಯೇ ಹೀಗಾದರೆ ಅಂಗಡಿ ಬಾಡಿಗೆಗೆ ಹಿಡಿದವರ ಮಾತು ಯಾರು ಕೇಳ್ತಾರೆ?

ಬೆಂಗಳೂರು ಬ್ರಿಗೇಡ್ ರಸ್ತೆಗೆ 1995ರಲ್ಲಿ ಕೆಎಫ್‌ಸಿ ಬಂದಾಗ ಅದು ಪೆಪ್ಸಿಕೋ ಕೈಯಲ್ಲಿತ್ತು, ಸ್ಯಾಂಡರ್ಸ್ ತೀರಿಕೊಂಡು ಸುಮಾರು 15 ವರ್ಷವಾಗಿತ್ತು. ಅಜಿನೊಮೊಟೊ ವಿಚಾರಕ್ಕೆ ಪಾಲಿಕೆ ಮುಚ್ಚಿಸಿತು, ಕೋರ್ಟ್‌ಗೆ ಹೋಗಿ ತೆರೆದರು. 1996ರಲ್ಲಿ ರೈತ ಸಂಘದವರು ನುಗ್ಗಿದರು. ಅಷ್ಟನ್ನೂ ತಡೆದುಕೊಳ್ಳೋ ದುಡ್ಡು ಆ ಕಂಪನಿಗಿತ್ತು. ಗ್ರಾಚ್ಯುಟಿ ಹಾಕಿದವರ ಅಂಗಡಿ ಎರಡು ತಿಂಗಳು ಮುಚ್ಚಿದರೂ ಬಾಡಿಗೆ ನಿಲ್ಲಲ್ಲ.

ಒಪ್ಪಂದದಲ್ಲಿ ಇವನ್ನು ಹುಡುಕಿ: ರಾಯಲ್ಟಿ (ಹೆಸರು ಬಳಸೋಕೆ ಕಂಪನಿಗೆ ಕೊಡೋ ಪಾಲು) ಲೆಕ್ಕ ಲಾಭದ ಮೇಲೋ ಮಾರಾಟದ ಮೇಲೋ. ಕೋಳಿ, ಮಸಾಲೆ, ಎಣ್ಣೆ ಅವರ ಹತ್ತಿರವೇ ಕೊಳ್ಳಬೇಕಾ, ದರ ಯಾರು ಕಟ್ಟುತ್ತಾರೆ. ಪಕ್ಕದ ಬೀದಿಯಲ್ಲೇ ಇನ್ನೊಬ್ಬರಿಗೆ ಫ್ರಾಂಚೈಸಿ ಕೊಡಬಹುದಾ. ಮುಚ್ಚಿದರೆ ಠೇವಣಿಯಲ್ಲಿ ವಾಪಸ್ ಬರೋದೆಷ್ಟು. ಉತ್ತರ ಬಾಯಿಮಾತಲ್ಲಿ ಬೇಡ, ಬರವಣಿಗೆಯಲ್ಲಿ ತಗೊಳ್ಳಿ. ಸಹಿಗೆ ಮುಂಚೆ ವಕೀಲರಿಗೂ ತೋರಿಸಿ.

ತುಮಕೂರು_ಹುಡುಗ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಅಪ್ಪನಿಗೆ ಪೂರ್ತಿ ಓದಿ ಹೇಳಿದೆ. ಕುಕ್ಕರ್ ವಿಷಯ ಬಂದಾಗ ಎದ್ದು ಕೂತರು, ಅವರು ಮೆಕ್ಯಾನಿಕ್ ಅಲ್ವಾ. ಕಂಪನಿಯವರು ಕೇಳ್ತಿರೋದು ಗ್ರಾಚ್ಯುಟಿಯ ಮುಕ್ಕಾಲು ಪಾಲು, ಅದೂ ಮುಂಗಡ. ರಾಯಲ್ಟಿ ಮಾರಾಟದ ಮೇಲೆ. ಅಪ್ಪ ಈಗ ಸಹಿ ಹಾಕಲ್ಲ ಅಂದಿದ್ದಾರೆ. ಅಡುಗೆ ಬರುತ್ತೆ ಅಣ್ಣ, ಭಾನುವಾರದ ಕೋಳಿ ಸಾರು ಅವರದೇ ಕೈಯಡುಗೆ, ನೆಂಟರೆಲ್ಲ ಹೊಗಳ್ತಾರೆ. ಆದ್ರೆ ಹೋಟ್ಲಲ್ಲಿ ಯಾವತ್ತೂ ಕೆಲಸ ಮಾಡಿಲ್ಲ.

ಮಂಡ್ಯ_ಮಿಲಿಟರಿ_ಹೋಟ್ಲು:
ನೆಂಟರು ದುಡ್ಡು ಕೊಟ್ಟು ತಿನ್ನಲ್ಲ ತಮ್ಮಾ, ಅದನ್ನ ಲೆಕ್ಕಕ್ಕೆ ಇಡಬೇಡ. ಅಂಗಡಿ ಹಾಕೋದು ಬಿಡೋದು ಆಮೇಲೆ. ನಿವೃತ್ತಿ ಆದ ಮೇಲೆ ಒಂದು ತಿಂಗಳು ನಮ್ಮ ಹೋಟ್ಲಿಗೆ ಕಳಿಸು, ಉಳಿಯೋಕೆ ಮಾಳಿಗೆ ಮೇಲೆ ರೂಮಿದೆ. ಕೋಳಿ ಅಂಗಡಿಯಲ್ಲಿ ತೂಕ ನೋಡೋದ್ರಿಂದ ಹಿಡಿದು ರಾತ್ರಿ ಗಲ್ಲಾ ಎಣಿಸೋವರೆಗೂ ಜೊತೆಗಿರಲಿ. ಮಧ್ಯಾಹ್ನದ ರಶ್‌ನಲ್ಲಿ ಒಲೆ ಮುಂದೆ ನಿಲ್ಲಿಸ್ತೀನಿ, ಮಾಸ್ಟರ್ ರಜೆ ಹಾಕಿದ ದಿನ ಅವರಿಗೇ ಸೌಟು ಕೊಡ್ತೀನಿ. ಎಣ್ಣೆ, ಗ್ಯಾಸ್, ಕೂಲಿ, ಬಾಡಿಗೆ ಕಳೆದು ಕೈಗೆ ಎಷ್ಟು ಉಳಿಯುತ್ತೆ ಅನ್ನೋ ಪುಸ್ತಕವನ್ನೂ ತೋರಿಸ್ತೀನಿ. ಅಮ್ಮ ಬಂದು ನೋಡ್ತೀನಿ ಅಂದ್ರೆ ಅವರನ್ನೂ ಕರ್ಕೊಂಡು ಬಾ. ಮೆಸೇಜ್‌ನಲ್ಲಿ ನಂಬರ್ ಕಳಿಸಿದ್ದೀನಿ, ಸಂಜೆ ನಾಲ್ಕರ ಮೇಲೆ ಫೋನ್ ಮಾಡು, ಅದಕ್ಕೆ ಮುಂಚೆ ಮಾಡಿದ್ರೆ ಎತ್ತೋಕಾಗಲ್ಲ.