ಬೇರೆ ದೇಶದ ಎಂಪಿಗಳು ಖಂಡಿಸಿದರೆ ಮಿಲಿಟರಿ ಸರ್ಕಾರಕ್ಕೆ ಬಿಸಿ ತಟ್ಟುತ್ತದೆಯಾ?

ವಿಜಯನಗರ_ವಾಸಿ:

ಮ್ಯಾನ್ಮಾರ್ ಸುದ್ದಿ ಓದಿದಾಗಲೆಲ್ಲ ಇದೇ ಪ್ರಶ್ನೆ ತಲೆಯಲ್ಲಿ ಕೂರುತ್ತದೆ. 2021ರ ಫೆಬ್ರವರಿ 1ರಂದು ಸೇನೆ ಅಧಿಕಾರ ಕಿತ್ತುಕೊಂಡಿತು. ಆಮೇಲೆ ಯುರೋಪಿನ ಪಾರ್ಲಿಮೆಂಟ್ ಖಂಡನಾ ನಿರ್ಣಯಗಳನ್ನು ಪಾಸ್ ಮಾಡಿತು, ಅಮೆರಿಕದ ಸೆನೆಟರ್‌ಗಳು ಹೇಳಿಕೆ ಕೊಟ್ಟರು, ಆಗ್ನೇಯ ಏಷ್ಯಾದ ಕೆಲವು ಸಂಸದರು ಸೇರಿ ಪತ್ರ ಬರೆದರು. ಅಲ್ಲಿ ನೋಡಿದರೆ ಹಳ್ಳಿಗಳ ಮೇಲೆ ಬಾಂಬ್ ಬೀಳುವುದು ನಿಲ್ಲಲೇ ಇಲ್ಲ. ನಮ್ಮ ಮಾವ ಅಂತೂ "ನಾಯಿ ಬೊಗಳಿದರೆ ದೇವಲೋಕ ಹಾಳಾಗುತ್ತಾ" ಅಂದು ಟಿವಿ ಚಾನೆಲ್ ಬದಲಾಯಿಸಿಬಿಟ್ಟರು. ಇಂಥ ಮಾತಿನಿಂದ ನಿಜಕ್ಕೂ ಏನಾದರೂ ಆದ ಉದಾಹರಣೆ ಇದೆಯಾ? ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ಗಾಂಧಿಬಜಾರ್_ಗಿರಾಕಿ:

ನಿಮ್ಮ ಮಾವ ಹೇಳಿದ್ದು ಅರ್ಧ ಸರಿ. ಬರೀ ಖಂಡನೆಗೆ ಯಾವ ಜನರಲ್ಲೂ ಹೆದರುವುದಿಲ್ಲ. ಆದರೆ ಆ ಜನರಲ್‌ಗೆ ದುಡ್ಡು, ಬಂದೂಕು ಯಾವ ದೇಶದಿಂದ ಹೋಗುತ್ತಿದೆಯೋ ಆ ದೇಶದ ಸಂಸದರು ತಿಜೋರಿಗೆ ಕೈ ಹಾಕಿದರೆ ಲೆಕ್ಕವೇ ಬೇರೆ.

ದಕ್ಷಿಣ ಅಮೆರಿಕದ ಚಿಲಿ ನೋಡಿ. 1973ರ ಸೆಪ್ಟೆಂಬರ್ 11ಕ್ಕೆ ಜನರಲ್ ಪಿನೊಚೆ, ಅಧ್ಯಕ್ಷ ಅಯೆಂದೆಯ ಸರ್ಕಾರ ಉರುಳಿಸಿ ಅಧಿಕಾರ ಹಿಡಿದ. ಅಮೆರಿಕದ ಅಧ್ಯಕ್ಷ ನಿಕ್ಸನ್, ವಿದೇಶಾಂಗ ಮಂತ್ರಿ ಕಿಸಿಂಜರ್ ಇಬ್ಬರೂ ಅವನ ಪರವೇ. ಅಂದರೆ ಅಮೆರಿಕದ ಸಂಸದರು ಚಿಲಿಯ ಜೊತೆ ಅಲ್ಲ, ಮೊದಲು ತಮ್ಮದೇ ಸರ್ಕಾರದ ಜೊತೆ ಜಗಳ ಆಡಬೇಕಾಯಿತು. ಮಿನ್ನೆಸೋಟಾದ ಡೊನಾಲ್ಡ್ ಫ್ರೇಸರ್ ಅಂತ ಒಬ್ಬ ಸಂಸದ, ಅಷ್ಟೇನೂ ಹೆಸರಿಲ್ಲದ ಒಂದು ಉಪಸಮಿತಿಯ ಅಧ್ಯಕ್ಷ. ಆತ ಮಾನವ ಹಕ್ಕುಗಳ ಬಗ್ಗೆ ಸರಣಿ ವಿಚಾರಣೆ ಶುರು ಮಾಡಿದ. ಸೆನೆಟ್‌ನಲ್ಲಿ ಎಡ್ವರ್ಡ್ ಕೆನಡಿ 1974ರಲ್ಲಿ ಚಿಲಿಯ ಮಿಲಿಟರಿ ನೆರವಿಗೆ ಕತ್ತರಿ ಹಾಕಿಸಿದರು, 1976ರಲ್ಲಿ ಶಸ್ತ್ರಾಸ್ತ್ರ ಮಾರಾಟವನ್ನೇ ನಿಲ್ಲಿಸಿದರು. ನಡುವೆ 1975ರಲ್ಲಿ ಟಾಮ್ ಹಾರ್ಕಿನ್ ತಂದ ತಿದ್ದುಪಡಿ ಬಂತು: ಜನರನ್ನು ಹಿಂಸಿಸುವ ಸರ್ಕಾರಕ್ಕೆ ಆರ್ಥಿಕ ನೆರವೂ ಇಲ್ಲ, ಅದು ನೇರವಾಗಿ ಬಡವರಿಗೆ ತಲುಪುವುದಾದರೆ ಮಾತ್ರ ಉಂಟು. ಇವತ್ತಿಗೂ ಅಮೆರಿಕ ಪ್ರತಿ ವರ್ಷ ದೇಶದೇಶಗಳ ಮಾನವ ಹಕ್ಕು ವರದಿ ಹೊರಡಿಸುತ್ತದಲ್ಲ, ಅದರ ಮೂಲವೂ ಆಗಿನ ಈ ಕಾನೂನುಗಳೇ.

ಬಿಸಿ ತಟ್ಟಿತೋ ಇಲ್ಲವೋ ಅಂತ ಹೇಗೆ ಗೊತ್ತಾಗುತ್ತದೆ? ಅಯೆಂದೆ ಸರ್ಕಾರದಲ್ಲಿ ಮಂತ್ರಿಯಾಗಿದ್ದ ಒರ್ಲಾಂಡೊ ಲೆತೆಲಿಯೆರ್ ದೇಶ ಬಿಟ್ಟು ವಾಷಿಂಗ್ಟನ್‌ನಲ್ಲಿ ಕೂತು, ನೆರವು ನಿಲ್ಲಿಸಿ ಅಂತ ಸಂಸದರ ಬೆನ್ನು ಹತ್ತಿದ್ದರು. 1976ರ ಸೆಪ್ಟೆಂಬರ್ 21ರ ಬೆಳಗ್ಗೆ ಅದೇ ಊರಿನ ನಡು ರಸ್ತೆಯಲ್ಲಿ ಅವರ ಕಾರಿಗೆ ಪಿನೊಚೆಯ ಗುಪ್ತ ಪೊಲೀಸರು ಬಾಂಬ್ ಇಡಿಸಿದರು. ಜೊತೆಯಲ್ಲಿದ್ದ ರಾನಿ ಮಾಫಿಟ್ ಕೂಡ ಸತ್ತರು. ಮಾತಿಗೆ ಬೆಲೆ ಇಲ್ಲದಿದ್ದರೆ ಮಾತಾಡುವವನನ್ನು ಅಷ್ಟು ದೂರ ಹೋಗಿ ಯಾಕೆ ಕೊಲ್ಲಬೇಕಿತ್ತು? ಹಾಗಂತ ಪಿನೊಚೆ ಓಡಿಹೋಗಲಿಲ್ಲ, 1990ರವರೆಗೂ ಕುರ್ಚಿ ಬಿಡಲಿಲ್ಲ. ಅದನ್ನೂ ಹೇಳಿಬಿಡಬೇಕು.

ಯಶವಂತಪುರ_ಎಕ್ಸ್‌ಪ್ರೆಸ್:

ಚಿಲಿ ಕಥೆ ಚೆನ್ನಾಗಿದೆ, ಆದರೆ ಕೇಳಿದ್ದು ಮ್ಯಾನ್ಮಾರ್ ಬಗ್ಗೆ. ಅಲ್ಲಿಗೆ ಬನ್ನಿ.

2003ರ ಮೇ 30ಕ್ಕೆ ಅಲ್ಲಿನ ದೆಪಯಿನ್ ಊರಿನ ಹತ್ತಿರ ಪ್ರಜಾಪ್ರಭುತ್ವ ಹೋರಾಟದ ನಾಯಕಿ ಆಂಗ್ ಸಾನ್ ಸೂಕಿಯ ವಾಹನಗಳ ಮೇಲೆ ದಾಳಿ ಆಯಿತು. ಅಮೆರಿಕದ ಕಾಂಗ್ರೆಸ್ ಅದೇ ಜುಲೈನಲ್ಲಿ ಕಾನೂನು ಮಾಡಿತು: ಬರ್ಮಾದ (ಮ್ಯಾನ್ಮಾರ್‌ನ ಹಳೆಯ ಹೆಸರು) ಸರಕು ಆಮದು ಪೂರ್ತಿ ಬಂದ್. ಎಲ್ಲರೂ ಚಪ್ಪಾಳೆ ತಟ್ಟಿದರು. ಪೆಟ್ಟು ಯಾರಿಗೆ ಬಿತ್ತು? ಯಾಂಗೂನ್‌ನ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ. ಸಾವಿರಾರು ಜನ ಕೆಲಸ ಕಳೆದುಕೊಂಡರು. ಸಂಜೆ ಪೀಣ್ಯದಲ್ಲೋ ಮೈಸೂರು ರಸ್ತೆಯಲ್ಲೋ ಗಾರ್ಮೆಂಟ್ಸ್ ಶಿಫ್ಟ್ ಬಿಡುವ ಹೊತ್ತಿಗೆ ಗೇಟ್ ಹತ್ತಿರ ಒಂದು ಸಲ ನಿಂತು ನೋಡಿ. ಊಟದ ಡಬ್ಬಿ ಬ್ಯಾಗಿಗೆ ತುರುಕಿಕೊಂಡು ಬಸ್ಸಿಗೆ ಓಡುವ ಆ ಹುಡುಗಿಯರಿಗೆ, ನಮ್ಮ ಸರ್ಕಾರದ ಮೇಲಿನ ಸಿಟ್ಟಿಗೆ ಯಾವುದೋ ದೇಶದ ಸಂಸದ ನಾಳೆಯಿಂದ ಫ್ಯಾಕ್ಟರಿ ಇಲ್ಲ ಅಂತ ಮಾಡಿದರೆ ಹೇಗಿರುತ್ತದೆ?

ಜನರಲ್‌ಗಳ ನಿಜವಾದ ವರಮಾನ ಗ್ಯಾಸ್. ಅಲ್ಲಿನ ಯದಾನಾ ಅನ್ನುವ ನಿಕ್ಷೇಪದ ಗ್ಯಾಸ್ ಪೈಪಿನಲ್ಲಿ ಥಾಯ್ಲೆಂಡಿಗೆ ಹರಿಯುತ್ತಲೇ ಇತ್ತು. ಅದರಲ್ಲಿ ಪಾಲಿದ್ದದ್ದು ಫ್ರಾನ್ಸಿನ ಟೋಟಲ್, ಅಮೆರಿಕದ ಯುನೊಕಾಲ್, ಆಮೇಲೆ ಅದನ್ನು ಕೊಂಡ ಶೆವ್ರಾನ್. 1997ರ ಅಮೆರಿಕದ ನಿಷೇಧ ಹೊಸ ಬಂಡವಾಳಕ್ಕೆ ಮಾತ್ರ, ಹಳೆಯದಕ್ಕೆ ವಿನಾಯಿತಿ. ಟೋಟಲ್ ಮತ್ತು ಶೆವ್ರಾನ್ ಹೊರಡುತ್ತೇವೆ ಅಂದಿದ್ದು 2022ರ ಜನವರಿಯಲ್ಲಿ! ಬಡವರ ಹೊಲಿಗೆ ಮಷಿನ್ ನಿಲ್ಲಿಸುವುದು ಸುಲಭ, ದೊಡ್ಡವರ ಪೈಪು ಮುಚ್ಚುವುದು ಕಷ್ಟ ಅಲ್ವಾ.

ಮಲ್ಲೇಶ್ವರ_ಮಂಡಕ್ಕಿ:

@ಯಶವಂತಪುರ_ಎಕ್ಸ್‌ಪ್ರೆಸ್ ಒಪ್ಪುತ್ತೇನೆ, ಆದರೆ ಕಂಪನಿಗಳನ್ನೇ ಹಿಡಿದವರೂ ಇದ್ದರು. ಮ್ಯಾಸಚೂಸೆಟ್ಸ್ ರಾಜ್ಯದ ಶಾಸಕರು 1996ರಲ್ಲಿ ಒಂದು ಕಾನೂನು ಮಾಡಿದರು. ಬರ್ಮಾದಲ್ಲಿ ವ್ಯವಹಾರ ಇರುವ ಕಂಪನಿ ನಮ್ಮ ರಾಜ್ಯದ ಟೆಂಡರ್ ಹಾಕಿದರೆ ಅದರ ರೇಟಿಗೆ ಶೇಕಡಾ 10 ಸೇರಿಸಿ ಲೆಕ್ಕ ಹಾಕುತ್ತೇವೆ ಅಂತ. ಭಾಷಣ ಇಲ್ಲ, ಕಣ್ಣೀರಿಲ್ಲ, ಬರೀ ಟೆಂಡರ್ ಷರತ್ತು. ಆಪಲ್ ಕಂಪನಿ ಬರ್ಮಾದಿಂದ ಗಂಟುಮೂಟೆ ಕಟ್ಟಿತು. ಕೊನೆಗೆ 2000ದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಇದು ಕೇಂದ್ರದ ಕಾನೂನಿಗೆ ಅಡ್ಡ ಬರುತ್ತದೆ, ರಾಜ್ಯ ಹೀಗೆ ಮಾಡುವಂತಿಲ್ಲ ಅಂತ ಒಮ್ಮತದಿಂದ ಹೊಡೆದುಹಾಕಿತು. ಸ್ವಲ್ಪ ಕಾಲ ನಡೆದದ್ದಂತೂ ಹೌದು. ವಿಧಾನಸೌಧದಲ್ಲಿ ಯಾರಾದರೂ ಇಂಥ ಷರತ್ತು ತಂದರೆ ಏನಾಗಬಹುದು ಅಂತ ಯೋಚಿಸಿ ನಗು ಬಂತು, ಇರಲಿ.

ಫ್ರೀಡಂಪಾರ್ಕ್_ಬೆಂಚು:

ಎಲ್ಲರೂ ಅಮೆರಿಕ, ಅಮೆರಿಕ ಅನ್ನುತ್ತಿದ್ದೀರಿ. ನಮ್ಮ ಪಾರ್ಲಿಮೆಂಟ್ ಏನು ಮಾಡಿದೆ ಅಂತಲೂ ನೋಡಿ.

1971ರ ಮಾರ್ಚ್ 25ರ ರಾತ್ರಿ ಪಾಕಿಸ್ತಾನದ ಸೇನೆ ಢಾಕಾದಲ್ಲಿ ಹತ್ಯಾಕಾಂಡ ಶುರು ಮಾಡಿತು. ಒಂದು ವಾರದೊಳಗೆ, ಮಾರ್ಚ್ 31ಕ್ಕೆ, ಇಂದಿರಾ ಗಾಂಧಿ ಮಂಡಿಸಿದ ನಿರ್ಣಯವನ್ನು ನಮ್ಮ ಸಂಸತ್ತು ಒಮ್ಮತದಿಂದ ಒಪ್ಪಿತು. ಪೂರ್ವ ಬಂಗಾಳದ (ಈಗಿನ ಬಾಂಗ್ಲಾದೇಶ) ಜನರ ಪರ ನಿಲ್ಲುತ್ತೇವೆ ಅಂತ ಅದರಲ್ಲಿ ನೇರವಾಗಿಯೇ ಇತ್ತು. ಆಗಲೂ ನಿಕ್ಸನ್ ಪಾಕಿಸ್ತಾನದ ಸೇನಾಡಳಿತಗಾರ ಯಾಹ್ಯಾ ಖಾನ್ ಕಡೆಗೇ. ಇದೇ ಕೆನಡಿ ಆಗಸ್ಟ್‌ನಲ್ಲಿ ಭಾರತದ ನಿರಾಶ್ರಿತರ ಶಿಬಿರಗಳಿಗೆ ಬಂದು ಹೋದರು. ಢಾಕಾ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳು ಸೇರುತ್ತಿದ್ದ ಆಲದ ಮರವನ್ನು ಪಾಕಿಸ್ತಾನದ ಸೇನೆ ಕೆಡವಿತ್ತು. 1972ರ ಫೆಬ್ರವರಿಯಲ್ಲಿ ಕೆನಡಿ ಅದೇ ಜಾಗದಲ್ಲಿ ಹೊಸ ಆಲದ ಸಸಿ ನೆಟ್ಟರು.

ಇನ್ನು ಬರ್ಮಾ. ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ದೆಹಲಿಯ ತಮ್ಮ ಸರ್ಕಾರಿ ಬಂಗಲೆಯಲ್ಲೇ ಬರ್ಮಾದ ಹೋರಾಟಗಾರ ವಿದ್ಯಾರ್ಥಿಗಳಿಗೆ ಜಾಗ ಕೊಟ್ಟವರು. ಹೊರಗಿನವರ ಬೆಂಬಲದ ಬೆಲೆ ಅವರಿಗೆ ಗೊತ್ತಿತ್ತು. ತುರ್ತು ಪರಿಸ್ಥಿತಿಯಲ್ಲಿ (ಅದು ಮಿಲಿಟರಿ ಆಳ್ವಿಕೆ ಅಲ್ಲ, ಜಗಳ ತೆಗೆಯಬೇಡಿ) ಅವರನ್ನು ಹಿಡಿದಾಗ ಜರ್ಮನಿ, ಆಸ್ಟ್ರಿಯಾ, ನಾರ್ವೆಯ ನಾಯಕರು ಆತನಿಗೇನೂ ಆಗಬಾರದು ಅಂತ ಇಂದಿರಾ ಗಾಂಧಿಗೆ ತಂತಿ ಕಳಿಸಿದ್ದರು. ಆದರೆ 1998ರಲ್ಲಿ ಅವರೇ ರಕ್ಷಣಾ ಮಂತ್ರಿಯಾದ ಮೇಲೂ ದೆಹಲಿ ಬರ್ಮಾದ ಸೇನೆಯ ಜೊತೆಗಿನ ಸಂಬಂಧ ಬಿಡಲಿಲ್ಲ. ಗಡಿ, ಈಶಾನ್ಯದ ಬಂಡುಕೋರರು, ಚೀನಾ, ಇದೇ ಕಾರಣ. 2004ರಲ್ಲಿ ಬರ್ಮಾದ ಆಗಿನ ಸೇನಾಡಳಿತದ ಮುಖ್ಯಸ್ಥ ಜನರಲ್ ತಾನ್ ಶ್ವೆಗೆ ದೆಹಲಿಯಲ್ಲಿ ರಾಜಮರ್ಯಾದೆ. 2021ರ ಜೂನ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಮ್ಯಾನ್ಮಾರ್ ವಿರುದ್ಧ ನಿರ್ಣಯ ತಂದಾಗ 119 ದೇಶ ಪರ, 36 ತಟಸ್ಥ. ಭಾರತ ಆ 36ರಲ್ಲಿ.

ವಿಜಯನಗರ_ವಾಸಿ:

ಇಷ್ಟು ಸಿಗುತ್ತದೆ ಅಂದುಕೊಂಡಿರಲಿಲ್ಲ, ಥ್ಯಾಂಕ್ಸ್. ಜಾರ್ಜ್ ವಿಷಯ ಗೊತ್ತೇ ಇರಲಿಲ್ಲ. ಹಾಗಾದರೆ ಮ್ಯಾನ್ಮಾರ್ ವಿಷಯದಲ್ಲಿ ನಮ್ಮ ಎಂಪಿಗಳ ಕೈಗೆ ಸಿಗುವ ತಿಜೋರಿ ಯಾವುದು? ನಾವೇನೂ ಅವರಿಗೆ ಅಮೆರಿಕದ ಹಾಗೆ ನೆರವು ಸುರಿಯುತ್ತಿಲ್ಲವಲ್ಲ.

ಗಾಂಧಿಬಜಾರ್_ಗಿರಾಕಿ:

ತುಂಬಾ ದೂರ ಹೋಗಬೇಕಿಲ್ಲ. 2020ರಲ್ಲಿ ನಮ್ಮ ನೌಕಾಪಡೆಯ ಸಿಂಧುವೀರ್ ಸಬ್‌ಮರೀನ್ ಮ್ಯಾನ್ಮಾರ್‌ಗೆ ಹೋಯಿತು. 2023ರ ಮೇ ತಿಂಗಳಲ್ಲಿ ವಿಶ್ವಸಂಸ್ಥೆಯ ವಿಶೇಷ ವರದಿಗಾರ ಟಾಮ್ ಆಂಡ್ರೂಸ್ ಒಂದು ವರದಿ ಕೊಟ್ಟರು. 2021ರ ಸೇನಾ ದಂಗೆಯ ನಂತರ ಅಲ್ಲಿನ ಸೇನೆಗೆ ಹೋದ ಸುಮಾರು 100 ಕೋಟಿ ಡಾಲರಿನ ಶಸ್ತ್ರಾಸ್ತ್ರ ಮತ್ತು ಅದಕ್ಕೆ ಬೇಕಾದ ಸರಕಿನ ಲೆಕ್ಕ ಅದು. ರಷ್ಯಾ, ಚೀನಾ, ಸಿಂಗಪುರ ಮುಂದಿವೆ. ಭಾರತದ ಕಡೆಯಿಂದ ಹೋದದ್ದು 5.1 ಕೋಟಿ ಡಾಲರಿನದ್ದು, ಅದರಲ್ಲಿ ಸರ್ಕಾರಿ ಕಂಪನಿಗಳೂ ಇವೆ, ನಮ್ಮ ಬೆಂಗಳೂರಿನ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಹೆಸರೂ ಇದೆ. ಅಂದಹಾಗೆ ಈ ಆಂಡ್ರೂಸ್ ಕೂಡ ಹಿಂದೆ ಅಮೆರಿಕದ ಸಂಸದರಾಗಿದ್ದವರೇ.

ಯಶವಂತಪುರ_ಎಕ್ಸ್‌ಪ್ರೆಸ್:

ಬಿಇಎಲ್ ಮಾತು ಬಂತಲ್ಲ. ನಮ್ಮ ಮನೆಯ ಸುತ್ತಮುತ್ತ ಅರ್ಧ ಬೀದಿ ಅಲ್ಲಿಂದ ರಿಟೈರ್ ಆದವರೇ, ಈ ವಿಷಯ ಎತ್ತಿದರೆ ನನಗೆ ಕಾಫಿ ಸಿಗುವುದಿಲ್ಲ! ಆದರೂ ನ್ಯಾಯ ನ್ಯಾಯವೇ. ಚಿಲಿಗೆ ಕಳಿಸುವ ಬಂದೂಕಿನ ಬಗ್ಗೆ ಕೆನಡಿ ತಮ್ಮ ಸರ್ಕಾರವನ್ನೇ ಕೇಳಿದ ಹಾಗೆ, ಇಲ್ಲಿಂದ ಹೋಗಿದ್ದು ಏನು, ಯಾರಿಗೆ ಅಂತ ಲೋಕಸಭೆಯಲ್ಲಿ ಲಿಖಿತ ಪ್ರಶ್ನೆ ಹಾಕುವುದಕ್ಕೆ ನಮ್ಮ ಎಂಪಿಗೆ ಯಾರ ಅಪ್ಪಣೆಯೂ ಬೇಡ. ಒಂದು ಪತ್ರ ಡ್ರಾಫ್ಟ್ ಮಾಡಿ ಹಾಕುತ್ತೇನೆ, ಬೆಂಗಳೂರು ಉತ್ತರದವರು ಸಹಿ ಹಾಕುವುದಾದರೆ ಇಲ್ಲೇ ಹೇಳಿ.