ಆರ್‌ಎಕ್ಸ್-8ಗೆ ವಿ8 ಕೂರಿಸೋದು ಮನೆಯಲ್ಲೇ ಆಗುತ್ತದಾ?

ಶೆಡ್ ಸವಾರ:
ನಮಸ್ಕಾರ. ನನ್ನ ಹತ್ತಿರ ಮಜ್ದಾ ಆರ್‌ಎಕ್ಸ್-8 ಇದೆ, 6 ಗೇರ್ ಮ್ಯಾನುಯಲ್. ಬಾಡಿ, ಸಸ್ಪೆನ್ಷನ್ ಎಲ್ಲ ಗಟ್ಟಿಮುಟ್ಟಾಗಿದೆ. ಎಂಜಿನ್ ಮಾತ್ರ ಸುಸ್ತು. ತಣ್ಣಗಿದ್ದಾಗ ಸಲೀಸಾಗಿ ಸ್ಟಾರ್ಟ್ ಆಗುತ್ತದೆ, ಬಿಸಿಯಾದ ಮೇಲೆ ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗೋಕೆ ಸತಾಯಿಸುತ್ತದೆ. ಪಿಸ್ಟನ್ ಬದಲು ತ್ರಿಕೋನದ ರೋಟರ್ ತಿರುಗೋ ಈ ರೋಟರಿ ಎಂಜಿನ್ ಸಹವಾಸ ಸಾಕು, ಜನರಲ್ ಮೋಟರ್ಸ್‌ನ ಎಂಟು ಸಿಲಿಂಡರ್ ಎಂಜಿನ್ ಎಲ್‌ಎಸ್1 ವಿ8 ಹಾಕಿಬಿಡೋಣ ಅನ್ನಿಸಿದೆ. ಶೆಡ್ ಇದೆ, ಎಂಜಿನ್ ಎತ್ತೋ ಕ್ರೇನ್ ಇದೆ, ವೆಲ್ಡಿಂಗ್ ಬರುತ್ತದೆ. ವೈರಿಂಗ್ ಅಂದರೆ ಮಾತ್ರ ಭಯ. ಇರೋ ಗೇರ್‌ಬಾಕ್ಸನ್ನೇ ಉಳಿಸಿಕೊಳ್ಳಬಹುದಾ? ಇನ್ನೇನೇನು ತಲೆನೋವು ಬರುತ್ತದೆ?

ರೋಟರ್ ಪ್ರೇಮಿ:
ಬಿಚ್ಚೋ ಮೊದಲು ಕಂಪ್ರೆಷನ್, ಅಂದರೆ ಎಂಜಿನ್ ಒಳಗೆ ಗಾಳಿ ಎಷ್ಟು ಒತ್ತಡಕ್ಕೆ ಅದುಮುತ್ತದೆ ಅನ್ನೋದು, ನೋಡಿದ್ದೀರಾ? ಬಿಸಿಯಲ್ಲಿ ಸ್ಟಾರ್ಟ್ ಆಗದಿರೋದು ಕಂಪ್ರೆಷನ್ ಬಿದ್ದಿರೋ ಲಕ್ಷಣ ನಿಜ, ಆದರೆ ಸ್ಟಾರ್ಟರ್ ಮೋಟರ್ ನಿಧಾನವಾಗಿ ತಿರುಗಿದರೂ ಹಾಗೇ ಆಗುತ್ತದೆ. ಮಾಮೂಲಿ ಕಂಪ್ರೆಷನ್ ಗೇಜ್ ಇದಕ್ಕೆ ಸಾಲದು. ಒಂದೊಂದು ರೋಟರ್‌ಗೂ ಮೂರು ಮುಖ, ಆ ಗೇಜ್ ಮೂರರಲ್ಲಿ ಚೆನ್ನಾಗಿರೋದನ್ನು ಮಾತ್ರ ತೋರಿಸುತ್ತದೆ. ರೋಟರಿಗೆಂದೇ ಇರೋ ಟೆಸ್ಟರ್ ಹುಡುಕಿ. 250 ಆರ್‌ಪಿಎಂ ಲೆಕ್ಕದಲ್ಲಿ 680 ಕಿಲೋಪ್ಯಾಸ್ಕಲ್‌ಗಿಂತ ಕಡಿಮೆ ಬಂದರೆ ಎಂಜಿನ್ ಬಿಚ್ಚಲೇಬೇಕು. ಆಗಲೂ ರೋಟರ್‌ನ ಸೀಲ್ ಬದಲಾಯಿಸಿ ಅದೇ ಎಂಜಿನ್ ಕೂರಿಸೋದು ಸ್ವಾಪ್‌ಗಿಂತ, ಅಂದರೆ ಬೇರೆ ಎಂಜಿನ್ ಹಾಕೋದಕ್ಕಿಂತ ಎಷ್ಟೋ ಸುಲಭ ಅಲ್ವಾ? ವಾಲ್ವ್ ಇಲ್ಲ, ಕ್ಯಾಮ್ ಇಲ್ಲ. ವಿ8 ಹಾಕಿದ ಆರ್‌ಎಕ್ಸ್-8 ನನಗಂತೂ ಬೇರೆ ಯಾವುದೋ ಕಾರು.

ಗ್ರೀಸ್ ಕೈ:
ರೋಟರ್ ಅಣ್ಣ ಹಾಗೆ ಹೇಳಲೇಬೇಕು ಬಿಡಿ 😄 ಆದರೆ ಟೆಸ್ಟ್ ಮಾತು ಸರಿ, ಅದನ್ನು ಮೊದಲು ಮಾಡಿಸಿ.

ಗೇರ್‌ಬಾಕ್ಸ್ ಉಳಿಯಲ್ಲ. ಅದು ತಡೆದುಕೊಂಡಿರೋದು 211 ನ್ಯೂಟನ್ ಮೀಟರ್ ಆಸುಪಾಸಿನ ಟಾರ್ಕ್ (ತಿರುಗಿಸೋ ಬಲ). 5.7 ಲೀಟರ್ ಎಲ್‌ಎಸ್1 ಅದರ ಎರಡರಷ್ಟಕ್ಕಿಂತ ಜಾಸ್ತಿ ಕೊಡುತ್ತದೆ. ಹೀಗಾಗಿ ಟಿ56 ಅನ್ನೋ 6 ಗೇರ್ ಮ್ಯಾನುಯಲ್ ಗೇರ್‌ಬಾಕ್ಸ್ ಜೊತೆಯಲ್ಲೇ ಬರುವ ಎಂಜಿನ್ ನೋಡಿ. ನಿಜವಾದ ಕೆಲಸ ಶುರುವಾಗೋದೇ ಆಮೇಲೆ. ಈ ಕಾರಿನಲ್ಲಿ ಗೇರ್‌ಬಾಕ್ಸ್‌ನಿಂದ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚೋ ಡಿಫರೆನ್ಷಿಯಲ್‌ವರೆಗೆ ಒಂದು ಉದ್ದನೆ ಫ್ರೇಮ್ ಹೋಗುತ್ತದೆ, ಪಿಪಿಎಫ್ ಅಂತಾರೆ. ಆಕ್ಸಿಲರೇಟರ್ ಒತ್ತಿದಾಗ ಡಿಫರೆನ್ಷಿಯಲ್ ಮೂತಿ ಎತ್ತದ ಹಾಗೆ ಹಿಡಿದಿಟ್ಟಿರೋದು ಅದೇ. ಹಳೇ ಗೇರ್‌ಬಾಕ್ಸ್ ಹೋದರೆ ಪಿಪಿಎಫ್ ಕೂಡ ಹೋಗುತ್ತದೆ, ಆಗ ಡಿಫರೆನ್ಷಿಯಲ್‌ಗೆ ಬೇರೆ ಮೌಂಟ್ ಮಾಡಬೇಕು. ಗೇರ್‌ಬಾಕ್ಸ್‌ನಿಂದ ಡಿಫರೆನ್ಷಿಯಲ್‌ಗೆ ಶಕ್ತಿ ಒಯ್ಯೋ ಹಳೇ ಕಾರ್ಬನ್ ಫೈಬರ್ ಪ್ರೊಪೆಲ್ಲರ್ ಶಾಫ್ಟ್ ಕೂಡ ಬೇಡ, ಅಳತೆ ಕೊಟ್ಟು ಹೊಸದು ಮಾಡಿಸಿ.

ಮೌಂಟ್ ವೆಲ್ಡ್ ಮಾಡೋವಾಗ ಕೋನದ ಮೇಲೆ ಕಣ್ಣಿರಲಿ. ಗೇರ್‌ಬಾಕ್ಸ್ ಔಟ್‌ಪುಟ್ ಮತ್ತು ಡಿಫರೆನ್ಷಿಯಲ್ ಪಿನಿಯನ್ (ಒಳಗೆ ಹೋಗೋ ಶಾಫ್ಟ್) ಎರಡೂ ಒಂದಕ್ಕೊಂದು ಸಮಾನಾಂತರವಾಗಿರಬೇಕು. ಇಲ್ಲದಿದ್ದರೆ ವೇಗ ಏರಿದಾಗ ಇಡೀ ಕಾರು ಅದುರುತ್ತದೆ, ಜನ ಸುಮ್ನೆ ವೀಲ್ ಬ್ಯಾಲೆನ್ಸಿಂಗ್ ಮಾಡಿಸ್ತಾ ಓಡಾಡ್ತಾರೆ.

ಅಳತೆ ನೋಡೋಕೆ ಪೂರ್ತಿ ಎಂಜಿನ್ ಎತ್ತಬೇಡಿ. ಒಳಗೇನೂ ಇಲ್ಲದ ಹಾಳು ಬ್ಲಾಕ್, ಎರಡು ಹೆಡ್ ಸಿಕ್ಕರೆ ಸಾಕು, ಹತ್ತು ಸಲ ಇಳಿಸಿ ಏರಿಸಿದರೂ ಸೊಂಟ ಉಳಿಯುತ್ತದೆ. ಸಂಪ್ (ಎಂಜಿನ್ ಕೆಳಗಿನ ಆಯಿಲ್ ತಟ್ಟೆ) ಅಡ್ಡಪಟ್ಟಿ ಕ್ರಾಸ್‌ಮೆಂಬರ್‌ಗೆ ತಾಗುತ್ತದಾ, ಸ್ಟೀರಿಂಗ್ ಶಾಫ್ಟ್ ಪಕ್ಕ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ಗೆ ಜಾಗ ಇದೆಯಾ ನೋಡಿ. ನಿಂತಾಗ ತಾಗದೇ ಇದ್ದರೆ ಸಾಲದು, ಓಡೋವಾಗ ಎಂಜಿನ್ ಮೌಂಟ್ ಮೇಲೆ ಓಲಾಡುತ್ತದೆ. ಇನ್‌ಟೇಕ್ ಮೇಲೆ ಜೇಡಿಮಣ್ಣಿನ ಉಂಡೆ ಇಟ್ಟು ಬಾನೆಟ್ ಮುಚ್ಚಿ ತೆಗೀರಿ, ಎಷ್ಟು ಚಪ್ಪಟೆ ಆಯಿತೋ ಅದರ ಮೇಲೆ ಜಾಗ ಗೊತ್ತಾಗುತ್ತದೆ.

ಕೆಂಪು ವೈರ್:
ನಿಮ್ಮ ಭಯದ ವಿಷಯಕ್ಕೆ ಬರ್ತೀನಿ. ಎಲ್‌ಎಸ್1 ಓಡಿಸೋ ವೈರಿಂಗ್ ಅಷ್ಟು ಕಷ್ಟ ಅಲ್ಲ. ಕಾಡೋದು ಮಜ್ದಾ ಕಡೆಯದು. ಸ್ಟೀರಿಂಗ್, ಮೀಟರ್ ಬೋರ್ಡ್ ಎಲ್ಲ ಕ್ಯಾನ್ ಬಸ್ ಅನ್ನೋ ಸಂದೇಶದ ತಂತಿಯಲ್ಲಿ ಹಳೇ ಇಸಿಯು (ಎಂಜಿನ್ ಕಂಪ್ಯೂಟರ್) ಜೊತೆ ಮಾತಾಡಿಕೊಂಡೇ ಇರುತ್ತವೆ. ಅದನ್ನು ತೆಗೆದ ತಕ್ಷಣ ಆರ್‌ಪಿಎಂ ಮುಳ್ಳು ಏಳಲ್ಲ, ಎಚ್ಚರಿಕೆ ದೀಪಗಳೆಲ್ಲ ಹತ್ತಿಕೊಳ್ಳುತ್ತವೆ, ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್ ಸತ್ತು ಕಲ್ಲಾಗುತ್ತದೆ. ಅದಕ್ಕೆ ಒಂದು ಸಣ್ಣ ಮೈಕ್ರೋಕಂಟ್ರೋಲರ್ ಇಟ್ಟು, ಹೊಸ ಎಂಜಿನ್‌ನ ಆರ್‌ಪಿಎಂ, ವೇಗ ಓದಿ ಮಜ್ದಾಗೆ ಅರ್ಥವಾಗೋ ಸಂದೇಶ ಕಳಿಸ್ತಾರೆ.

ಇನ್ನೊಂದು, ಬರೀ ಎಂಜಿನ್ ತಗೋಬೇಡಿ. ಅಪಘಾತವಾದ ಪೂರ್ತಿ ಕಾರು ಸಿಕ್ಕರೆ ಇಸಿಯು, ವೈರಿಂಗ್, ಆಕ್ಸಿಲರೇಟರ್ ಪೆಡಲ್ ಎಲ್ಲ ಜೋಡಿಯಾಗಿ ಬರುತ್ತದೆ. ಎಲ್‌ಎಸ್1 ಬಂದ ಷೆವ್ರೊಲೆ ಕಾರುಗಳಲ್ಲಿ ಕಾರ್ವೆಟ್‌ದಕ್ಕೆ ಎಲೆಕ್ಟ್ರಾನಿಕ್ ಥ್ರಾಟಲ್ (ಎಂಜಿನ್‌ಗೆ ಗಾಳಿ ಬಿಡೋ ಕವಾಟ), 1998ರಿಂದ 2002ರ ಕಮಾರೊದ್ದಕ್ಕೆ ಕೇಬಲ್. ಕಾರ್ವೆಟ್‌ದಾದರೆ ಅದರದೇ ಪೆಡಲ್, ಮಾಡ್ಯೂಲ್ ಬೇಕು, ಮಜ್ದಾ ಪೆಡಲ್ ನಡೆಯಲ್ಲ. ಇಂಧನ ಒತ್ತಡ ಸುಮಾರು 58 ಪಿಎಸ್‌ಐ ಇರಬೇಕು. ಎಂಜಿನ್‌ನ ಮೂಲ ಕಳ್ಳತನ ತಡೆಯೋ ವ್ಯವಸ್ಥೆಯನ್ನು ಇಸಿಯುನಲ್ಲಿ ಆಫ್ ಮಾಡಿಸದಿದ್ದರೆ ಅದು ಸ್ಟಾರ್ಟ್ ಆಗಲ್ಲ.

ಶೆಡ್ ಸವಾರ:
ಪವರ್ ಸ್ಟೀರಿಂಗ್ ವಿಷಯ ಗೊತ್ತೇ ಇರಲಿಲ್ಲ! ಮೊದಲು ಕಂಪ್ರೆಷನ್ ಟೆಸ್ಟ್ ಮಾಡಿಸ್ತೀನಿ, ಆಮೇಲೆ ನಿರ್ಧಾರ. ಎ.ಸಿ. ಉಳಿಸಿಕೊಳ್ಳಬಹುದಾ?

ಗ್ರೀಸ್ ಕೈ:
ಆಗುತ್ತದೆ. ಕಂಪ್ರೆಸರ್ ವಿ8ದೇ ಇರಲಿ, ಪೈಪ್ ಮಾತ್ರ ಮಧ್ಯದಲ್ಲಿ ಹೊಸದಾಗಿ ಮಾಡಿಸಬೇಕು. ಹಳೇ ಗ್ಯಾಸ್ ಗಾಳಿಗೆ ಬಿಡಬೇಡಿ, ಮಷಿನ್ ಇರೋರ ಹತ್ತಿರ ಮೊದಲೇ ತೆಗೆಸಿ. ಹಾಗೇ ಎಂಜಿನ್ ನಂಬರ್ ಬದಲಾಗೋದನ್ನು ನೋಂದಣಿ ಕಚೇರಿ, ವಿಮೆಯವರು ಒಪ್ಪುತ್ತಾರಾ ಅಂತ ವಿ8ಗೆ ದುಡ್ಡು ಕೊಡೋ ಮುಂಚೆ ಕೇಳಿ.