ತಾಈ ರಿಟೈರ್ ಆಗ್ತಿದ್ದಾರೆ, ಇನ್ನು ಲೋಕಲ್‌ನಲ್ಲಿ ಒಬ್ಬಳೇ ಹೇಗೆ?

ಕಿಟಕಿ ಸೀಟು:

ಎಲ್ಲರಿಗೂ ನಮಸ್ಕಾರ. ನಾನಿರುವುದು ಮುಂಬೈ ಹತ್ತಿರದ ಡೊಂಬಿವಲಿ, ಆಫೀಸು ಮುಂಬೈನ ಫೋರ್ಟ್‌ನಲ್ಲಿ. ಊರು ಕುಂದಾಪುರದ ಕಡೆ, ಆದರೆ ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಕಾಲೇಜಿನ ದಿನಗಳಿಂದ ಲೋಕಲ್ ಟ್ರೇನಿನಲ್ಲಿ ನೇತಾಡಿಕೊಂಡು ಹೋದವಳು, ಅದಕ್ಕೇ ಇದನ್ನು ಬರೆಯಲು ಸ್ವಲ್ಪ ನಾಚಿಕೆ.

ಹೋದ ವರ್ಷ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಕುರ್ಲಾ ದಾಟಿದ ಮೇಲೆ ಗಾಡಿ ನಿಂತುಬಿಟ್ಟಿತು. ಲೇಡೀಸ್ ಡಬ್ಬದಲ್ಲಿ ಕೈ ಎತ್ತಿ ಮೂಗು ತುರಿಸಿಕೊಳ್ಳಲೂ ಜಾಗ ಇರಲಿಲ್ಲ. ಐದು ನಿಮಿಷ, ಹತ್ತು ನಿಮಿಷ. ಇದ್ದಕ್ಕಿದ್ದ ಹಾಗೆ ಎದೆ ಡವಡವ, ಬೆವರು, ಬೆರಳ ತುದಿಗೆಲ್ಲ ಜೋಮು, ತುಟಿಯೂ ಮರಗಟ್ಟಿದ ಹಾಗೆ. ಇಲ್ಲೇ ಸಾಯುತ್ತೇನೆ, ಬೀಳುವುದಕ್ಕೂ ಜಾಗ ಇಲ್ಲವಲ್ಲ ಅನ್ನಿಸಿತು. ಈಗ ನೆನೆಸಿಕೊಂಡರೆ ನಗು ಬರುತ್ತದೆ, ಆಗ ಬರಲಿಲ್ಲ. ದಾದರ್‌ನಲ್ಲಿ ಇಳಿದು ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಮುಕ್ಕಾಲು ಗಂಟೆ ಕೂತಿದ್ದೆ. ಇಸಿಜಿ, ಥೈರಾಯ್ಡ್, ರಕ್ತ ಎಲ್ಲ ಪರೀಕ್ಷೆ ಆಯಿತು, ಎಲ್ಲವೂ ನಾರ್ಮಲ್. ಡಾಕ್ಟರ್ ಪ್ಯಾನಿಕ್ ಅಟ್ಯಾಕ್ ಅಂದರು. ಆಮೇಲೆ ಮತ್ತೆ ನಾಲ್ಕು ಸಲ ಬಂತು, ನಾಲ್ಕೂ ಸಲ ಟ್ರೇನಿನಲ್ಲೇ.

ನನ್ನನ್ನು ಉಳಿಸಿದ್ದು ನಮ್ಮ ಟ್ರೇನ್ ಗ್ರೂಪಿನ ತಾಈ. (ಮರಾಠಿಯಲ್ಲಿ ಅಕ್ಕನಿಗೆ ತಾಈ ಅಂತಾರಲ್ವಾ, ಮನೆಯಲ್ಲಿ ಅಮ್ಮ ಪ್ರತಿ ಸಲ "ಯಾರ ತಾಯಿ?" ಅಂತ ಕೇಳುತ್ತಾರೆ.) ಒಂದು ಸಂಜೆ ನನ್ನ ಮುಖ ನೋಡಿದವರೇ ಏನೂ ಕೇಳಲಿಲ್ಲ. ತೊಡೆ ಮೇಲಿದ್ದ ಚೀಲದಿಂದ ಒಂದು ಹಿಡಿ ಗೋರಿಕಾಯಿ ತೆಗೆದು ನನ್ನ ಕೈಗೆ ಹಾಕಿ, "ನಾರು ತೆಗಿ, ಠಾಣೆಯೊಳಗೆ ಮುಗಿಯಬೇಕು" ಅಂದರು. ನಾನು ನಡುಗುವ ಕೈಯಲ್ಲೇ ನಾರು ತೆಗೆದೆ. ಮುಲುಂಡ್ ಹೊತ್ತಿಗೆ ಉಸಿರು ಸರಿಹೋಗಿತ್ತು. ತಮಗೂ ಮೊದಲ ಹೆರಿಗೆಯ ನಂತರ ಎರಡು ವರ್ಷ ಇದೇ ಇತ್ತು ಅಂತ ಅವರು ಹೇಳಿದ್ದು ಎಷ್ಟೋ ದಿನ ಆದ ಮೇಲೆ. ಅಲ್ಲಿಂದ ಇಲ್ಲಿಯವರೆಗೆ ಹೋಗುವಾಗಲೂ ಬರುವಾಗಲೂ ಅವರ ಪಕ್ಕದಲ್ಲೇ ನನ್ನ ಜಾಗ.

ಮುಂದಿನ ತಿಂಗಳು ಅವರು ರಿಟೈರ್. ಕಳೆದ ವಾರ ಅವರು ರಜೆ ಹಾಕಿದ ಒಂದು ದಿನ ನಾನೂ ರಜೆ ಹಾಕಿದೆ. ಅದೇ ನನಗೆ ಹೆದರಿಕೆ ಹುಟ್ಟಿಸಿದ್ದು. ಹೀಗೆ ಆದವರು ಯಾರಾದರೂ ಇದ್ದೀರಾ? ಒಬ್ಬರೇ ಹೋಗುವ ಅಭ್ಯಾಸ ಹೇಗೆ ಮಾಡಿಕೊಂಡಿರಿ?

ಬೋರಿವಲಿ ಫಾಸ್ಟ್:

ಫಸ್ಟ್ ಕ್ಲಾಸ್ ಪಾಸ್ ತೆಗೆದುಕೊಳ್ಳಿ, ಅರ್ಧ ಸಮಸ್ಯೆ ಹೋಗುತ್ತದೆ.

ಕಿಟಕಿ ಸೀಟು:

ಬೆಳಿಗ್ಗೆ ಎಂಟೂವರೆಗೆ ಡೊಂಬಿವಲಿಯಲ್ಲಿ ಫಸ್ಟ್ ಕ್ಲಾಸ್ ಹತ್ತಿ ನೋಡಿ, ಆಮೇಲೆ ಹೇಳಿ 🙂

ಮಾಟುಂಗಾ ಮಾಣಿ:

ಮೇಡಂ, ನಾಚಿಕೆ ಯಾಕೆ ಮಾರಾಯ್ರೆ. ನಾನು ಹೋಟೆಲಿನವ, ಬೆಳಿಗ್ಗೆ ಐದಕ್ಕೆ ಎದ್ದು ಇಡ್ಲಿ ಹಂಡೆ ಇಡುವವ, ನನಗೂ ಬಂದಿದೆ. ಒಂದು ಭಾನುವಾರ ಗಿರಾಕಿಗಳು ಬಾಗಿಲ ಹೊರಗೆ ಸಾಲು ನಿಂತಿದ್ದರು, ನಾನು ಗಲ್ಲಾದಲ್ಲಿ ಕೂತಿದ್ದೆ. ಎದ್ದು ಹೊರಗೆ ಓಡಿಬಿಟ್ಟೆ, ಗಲ್ಲಾಪೆಟ್ಟಿಗೆ ತೆರೆದೇ ಇತ್ತು! ಹಾರ್ಟ್ ಅಟ್ಯಾಕೇ ಅಂತ ಮೂರು ಸಲ ಇಸಿಜಿ ಮಾಡಿಸಿದ್ದೇನೆ. ಮೂರನೆಯ ಸಲ ಅಲ್ಲಿದ್ದ ಹುಡುಗ ನನ್ನ ಹೆಸರು ಕೇಳದೇ ಬರೆದುಕೊಂಡ.

ನನ್ನ ಕಥೆಯಲ್ಲಿ ತಾಈ ಅಂದರೆ ನಮ್ಮ ಅಡುಗೆ ಭಟ್ಟರು. ಅವರಿಗೆ ಮಾತ್ರ ವಿಷಯ ಹೇಳಿದ್ದೆ. ಎದೆ ಹಿಡಿದುಕೊಂಡ ಹಾಗೆ ಆದರೆ ನಾನು ಅಡುಗೆಮನೆ ಬಾಗಿಲಿಗೆ ಹೋಗಿ "ಭಟ್ರೆ, ಒಂದು ಕಾಫಿ" ಅನ್ನುವುದು, ನಮ್ಮ ಸಂಕೇತ ಅದು. ಅವರು ಕಾಫಿ ಕೊಟ್ಟು, ಊರಿನ ದೇವಸ್ಥಾನದ ಜಗಳವೋ ತೆಂಗಿನಕಾಯಿ ರೇಟೋ ಏನಾದರೂ ಶುರು ಮಾಡುತ್ತಾರೆ. ನಾನು ಹೂಂ ಅಂದರೂ ಅನ್ನದಿದ್ದರೂ ನಿಲ್ಲಿಸುವುದಿಲ್ಲ. ಎಂಟು ಹತ್ತು ನಿಮಿಷದಲ್ಲಿ ಇಳಿಯುತ್ತದೆ. ಈಗೀಗ ಕಾಫಿ ತಗೊಂಡು ಗಲ್ಲಾಕ್ಕೇ ವಾಪಸ್ ಬಂದು ಕುಡಿಯುತ್ತೇನೆ, ಅಷ್ಟು ಸುಧಾರಣೆ.

ಒಂದು ಉಪಾಯ ಹೇಳುತ್ತೇನೆ: ಚೀಲದಲ್ಲಿ ಒಂದು ಕಾಗದದ ಪೊಟ್ಟಣ ಇಟ್ಟುಕೊಳ್ಳಿ, ಉಸಿರು ಹೆಚ್ಚಾದರೆ ಅದರೊಳಗೆ ಉಸಿರಾಡಿ. ನನಗೆ ಯಾರೋ ಹೇಳಿಕೊಟ್ಟದ್ದು.

ನೈಟ್ ಡ್ಯೂಟಿ ಸಿಸ್ಟರ್:

ಮಾಣಿ ಅಣ್ಣ, ನಿಮ್ಮ ಭಟ್ಟರಿಗೆ ನೂರು ಮಾರ್ಕು, ಪೊಟ್ಟಣಕ್ಕೆ ಸೊನ್ನೆ. ಹಿಂದೆ ಹಾಗೆ ಹೇಳುತ್ತಿದ್ದರು, ಈಗ ಬೇಡ ಅನ್ನುತ್ತಾರೆ. ಅದು ಪ್ಯಾನಿಕ್ ಆಗಿರದೆ ಅಸ್ತಮಾನೋ ಹಾರ್ಟಿನ ತೊಂದರೆಯೋ ಆಗಿದ್ದರೆ, ಪೊಟ್ಟಣದಲ್ಲಿ ಉಸಿರಾಡಿದಾಗ ಆಕ್ಸಿಜನ್ ಕಡಿಮೆಯಾಗಿ ಜೀವಕ್ಕೇ ಅಪಾಯ.

ನಾನು ಇಲ್ಲೇ ಒಂದು ಆಸ್ಪತ್ರೆಯಲ್ಲಿ ನರ್ಸ್. ಕಿಟಕಿ ಸೀಟು, ನಿಮ್ಮ ಜೋಮಿನ ಕಾರಣ ಮೊದಲು ಹೇಳುತ್ತೇನೆ, ಯಾಕೆಂದರೆ ಕಾರಣ ಗೊತ್ತಾದರೇ ಅರ್ಧ ಭಯ ಹೋಗುತ್ತದೆ. ಗಾಬರಿಯಲ್ಲಿ ನಾವು ಬೇಗ ಬೇಗ ಉಸಿರಾಡುತ್ತೇವೆ, ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾಗುತ್ತದೆ, ಅದರಿಂದ ಬೆರಳು ತುಟಿ ಜುಮ್ಮೆನ್ನುವುದು, ತಲೆ ಹಗುರಾಗುವುದು. ಉಸಿರು ಸಾಲದೆ ಅಲ್ಲ, ಜಾಸ್ತಿಯಾಗಿ! "ಜೋರಾಗಿ ಉಸಿರು ಎಳೆದುಕೋ" ಅನ್ನುವ ಅಕ್ಕಪಕ್ಕದವರ ಸಲಹೆ ಅದಕ್ಕೇ ಕೆಲಸಕ್ಕೆ ಬರುವುದಿಲ್ಲ. ಎಳೆದುಕೊಳ್ಳುವುದು ಮಾಮೂಲಿನಂತೆ ಇರಲಿ, ಬಿಡುವುದನ್ನು ಉದ್ದ ಮಾಡಿ, ಬಿಸಿ ಚಹಾ ಊದುವ ಹಾಗೆ. ಇನ್ನು ತಲೆ ತಿರುಗಿ ಬೀಳುತ್ತೇನೆ ಅನ್ನುವ ಭಯ. ಪ್ಯಾನಿಕ್‌ನಲ್ಲಿ ಸಾಮಾನ್ಯವಾಗಿ ಬಿಪಿ ಏರುತ್ತದೆ, ಬೀಳಬೇಕಾದರೆ ಅದು ಇಳಿಯಬೇಕು, ಹಾಗಾಗಿ ಹೆಚ್ಚಿನವರು ಬೀಳುವುದಿಲ್ಲ. ಹತ್ತು ನಿಮಿಷದೊಳಗೆ ತುದಿಗೆ ಏರಿ ಆಮೇಲೆ ಇಳಿಯುವುದು ಅದರ ರೂಢಿ.

ಹಾಗಂತ ಎದೆನೋವು ಬಂದಾಗಲೆಲ್ಲ ಪ್ಯಾನಿಕ್ ಅಂತ ಕೂರಬೇಡಿ. ಮೆಟ್ಟಿಲು ಹತ್ತಿದಾಗ ಬರುವ ನೋವು, ಎಡಗೈಗೋ ದವಡೆಗೋ ಹರಿಯುವ ನೋವು, ಎಂದಿನಂತೆ ಇಲ್ಲದ ನೋವು, ಇವಕ್ಕೆ ನೇರ ಆಸ್ಪತ್ರೆಗೆ ಹೋಗಿ.

ಲೋಕಲ್‌ನವರಿಗೇ ಒಂದು ಮಾತು. ಗಾಳಿ ಬೇಕು ಅಂತ ಬಾಗಿಲಲ್ಲಿ ನಿಲ್ಲಬೇಡಿ. ಗಾಬರಿ ತುದಿಗೇರಿದಾಗ ಗಾಡಿ ನಿಲ್ಲುವ ಮೊದಲೇ ಇಳಿಯೋಣ ಅನ್ನಿಸುತ್ತದೆ. ಒಳಗೆ, ಫ್ಯಾನಿನ ಕೆಳಗೆ ನಿಲ್ಲಿ. ಇನ್ನೊಂದು, ಟ್ರೇನ್ ಗೆಳತಿಯರು ಪ್ರೀತಿಯಿಂದಲೇ "ನನ್ನ ಮಾತ್ರೆ ಅರ್ಧ ತಗೋ" ಅನ್ನುತ್ತಾರೆ. ಬೇಡವೇ ಬೇಡ. ತಕ್ಷಣ ತಣ್ಣಗಾಗಿಸುವ ಆಲ್‌ಪ್ರಜೋಲಾಮ್ ಥರದ ಮಾತ್ರೆ ಅಭ್ಯಾಸವಾಗಿಬಿಡುತ್ತದೆ. ಡಾಕ್ಟರು ದಿನವೂ ತೆಗೆದುಕೊಳ್ಳಲು ಕೊಡುವ ಮಾತ್ರೆ ಬೇರೆ, ಅದು ಕೆಲಸ ಶುರು ಮಾಡಲು ಕೆಲವು ವಾರ ಬೇಕು, ನಡುವೆ ತಾವಾಗಿ ನಿಲ್ಲಿಸಬಾರದು. ಕೆಇಎಂ, ಸಯನ್, ನಾಯರ್ ಮೂರೂ ಪಾಲಿಕೆ ಆಸ್ಪತ್ರೆಗಳಲ್ಲಿ ಮನೋರೋಗ ಓಪಿಡಿ ಇದೆ. ಸುಮ್ನೆ ಕನ್ನಡದಲ್ಲಿ ಮಾತಾಡಿ ಹಗುರಾಗಬೇಕು ಅನ್ನಿಸಿದರೆ 14416, ಸರಕಾರದ ಟೆಲಿ ಮಾನಸ್, 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಭಾಷೆ ಆರಿಸಿಕೊಳ್ಳಬಹುದು.

ಹುಬ್ಬಳ್ಳಿ ಟು ಪುಣೆ:

ಸಿಸ್ಟರ್ ಹೇಳಿದ್ದೆಲ್ಲ ಖರೆ. ಆದರೆ ಕೇಳಿದ ಪ್ರಶ್ನೆ ಬೇರೆ ಅಲ್ಲೇನ್ರಿ? ತಾಈ ಇಲ್ಲದೆ ಹೇಗೆ ಅಂತ.

ನನ್ನದು ಉಲ್ಟಾ ಕಥೆ, ಮಾಡಬಾರದ್ದೇನು ಅಂತ ಗೊತ್ತಾಗಲಿ ಅಂತ ಬರೆಯುತ್ತೇನೆ. ಸ್ವಾರ್‌ಗೇಟ್‌ನಿಂದ ಹಿಂಜವಡಿಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಬಸ್ಸಿನಲ್ಲಿ ಒಂದು ಸಲ ಆಯಿತು, ಬಸ್ಸು ಬಿಟ್ಟೆ. ಆಟೋ ಹಿಡಿದೆ, ಸಿಗ್ನಲ್‌ನಲ್ಲಿ ಆಯಿತು, ಆಟೋ ಬಿಟ್ಟೆ. ಬೈಕಿನ ಹಿಂದೆ ರೂಮ್‌ಮೇಟ್ ಕೂತರೆ ಮಾತ್ರ ಹೋಗುತ್ತಿದ್ದೆ. ಕಡೆಗೆ ಮನೆಯಿಂದಲೇ ಕೆಲಸ, ತರಕಾರಿಗೂ ರೂಮ್‌ಮೇಟ್. ಅವನಿಗೆ ಮದುವೆ ಗೊತ್ತಾಯಿತು ನೋಡ್ರಿ, ಅವತ್ತು ನನಗೆ ಬಂದ ಅಟ್ಯಾಕ್ ಎಲ್ಲಕ್ಕಿಂತ ದೊಡ್ಡದು. ಹುಡುಗನ ಮದುವೆಗೆ ಹುಡುಗಿ ಕಡೆಯವರು ಅಳೋದು ನೋಡಿದ್ದೇನೆ, ರೂಮ್‌ಮೇಟ್ ಅತ್ತದ್ದು ನಾನೇ ಮೊದಲು ಇರಬೇಕು.

ಆಮೇಲೆ ಹೋದ ಕೌನ್ಸೆಲರ್ ಹೇಳಿದ್ದು ಇದು. ಜೊತೆಗಾರ ಇದ್ದಾಗ ಪಾರಾದೆ ಅಂದರೆ, ನಿಮ್ಮ ಮೆದುಳು "ಟ್ರೇನು ಅಪಾಯ ಅಲ್ಲ" ಅಂತ ಕಲಿಯುವುದಿಲ್ಲ, "ಇವರು ಇದ್ದಿದ್ದಕ್ಕೆ ಬದುಕಿದೆ" ಅಂತ ಕಲಿಯುತ್ತದೆ. ತಾಈ ರಜೆ ಹಾಕಿದ ದಿನ ನೀವೂ ಹಾಕಿದಿರಲ್ಲ, ಅದೇ ಅದು. ಇದು ತಾಈ ತಪ್ಪಲ್ಲ, ಅವರು ಮಾಡಿದ್ದು ಬಂಗಾರದಂಥ ಕೆಲಸ. ನಿಮ್ಮನ್ನು ಗಾಡಿಯಿಂದ ಇಳಿಸಲಿಲ್ಲ, ಗಾಡಿಯಲ್ಲೇ ಕೂರಿಸಿದರು! ನನ್ನ ರೂಮ್‌ಮೇಟ್ ಪಾಪ ಪ್ರತಿ ಸಲ "ನಡಿ ಮನಿಗೆ ಹೋಗೋಣ" ಅನ್ನುತ್ತಿದ್ದ, ಅದೇ ಕೆಡಿಸಿದ್ದು.

ಅದಕ್ಕೆ ಅವರು ಪೂರ್ತಿ ಹೋಗುವ ಮೊದಲು, ಅವರು ಇರುವಾಗಲೇ, ಸ್ವಲ್ಪ ಸ್ವಲ್ಪ ದೂರ ಮಾಡಿಕೊಳ್ಳಿ. ನಿಮ್ಮ ಗಾಡಿಯಲ್ಲಿ ಲೇಡೀಸ್ ಡಬ್ಬ ಒಂದೇ ಇರುವುದಿಲ್ಲವಲ್ಲ, ಒಂದು ದಿನ ಅವರು ಒಂದರಲ್ಲಿ, ನೀವು ಇನ್ನೊಂದರಲ್ಲಿ. ಆಮೇಲೆ ಅವರು ಒಂದು ಗಾಡಿ ಮುಂದೆ, ನೀವು ಹಿಂದಿನದರಲ್ಲಿ. ಆಮೇಲೆ ಬರೀ ಮೆಸೇಜು. ಆಮೇಲೆ ಮೆಸೇಜೂ ಆಫೀಸು ಮುಟ್ಟಿದ ಮೇಲೆ. ಫಾಸ್ಟ್ ಗಾಡಿ ಕಷ್ಟ ಅಂದರೆ ಎಲ್ಲ ಕಡೆ ನಿಲ್ಲುವ ಸ್ಲೋದಿಂದ ಶುರು ಮಾಡಿ, ಕೆಲವೇ ನಿಮಿಷಕ್ಕೊಂದು ಸ್ಟೇಷನ್ ಬರುತ್ತದೆ. ಒಂದು ಹಟ ಮಾತ್ರ ಇರಲಿ: ಗಾಬರಿ ಏರುತ್ತಿರುವಾಗ ಇಳಿಯಬಾರದು, ಸ್ವಲ್ಪ ಇಳಿಮುಖ ಆದ ಮೇಲೆ ಬೇಕಾದರೆ ಇಳಿಯಿರಿ.

ಈಗ ನಾವು ಮೂರು ಜನ ಕನ್ನಡದವರು ಭಾನುವಾರ ಸಾರಸ್‌ಬಾಗ್‌ನಲ್ಲಿ ಸೇರುತ್ತೇವೆ, ಮೂವರಿಗೂ ಇದೇ ಕಾಯಿಲೆ. ನಮ್ಮ ನಿಯಮ ಒಂದೇ, "ಏನಾಗ್ತಿದೆ, ಏನಾಗ್ತಿದೆ" ಅಂತ ಕೇಳಬಾರದು. ಕೇಳಿದವರು ಎಲ್ಲರಿಗೂ ಭೇಳ್ ಕೊಡಿಸಬೇಕು. ಬಸ್ಸು ಮತ್ತೆ ಹತ್ತಲು ನನಗೆ ಐದು ತಿಂಗಳು ಹಿಡಿಯಿತು, ಸುಳ್ಳು ಯಾಕೆ ಹೇಳಲಿ. ಈಗಲೂ ಯುನಿವರ್ಸಿಟಿ ಸರ್ಕಲ್ಲಿನ ಟ್ರಾಫಿಕ್ಕಿನಲ್ಲಿ ಒಮ್ಮೊಮ್ಮೆ ಅಂಗೈ ಬೆವರುತ್ತದೆ, ಪ್ಯಾಂಟಿಗೆ ಒರೆಸಿಕೊಂಡು ಕೂರುತ್ತೇನೆ.

ಕಿಟಕಿ ಸೀಟು:

ಎಲ್ಲರಿಗೂ ಥ್ಯಾಂಕ್ಸ್. ಹನ್ನೆರಡು ದಿನ ಆಯಿತು, ಏನಾಯಿತು ಅಂತ ಬರೆಯುತ್ತೇನೆ ಅಂದುಕೊಂಡಿದ್ದೆ.

ಹುಬ್ಬಳ್ಳಿಯವರು ಬರೆದದ್ದನ್ನು ತಾಈಗೆ ಮರಾಠಿಯಲ್ಲಿ ಹೇಳಿದೆ. ಸ್ವಲ್ಪ ಬೇಸರ ಮಾಡಿಕೊಂಡರು ಅನ್ನಿಸಿತು, ಆಮೇಲೆ "ಅದು ಸರಿ, ನನ್ನ ಮಗನಿಗೆ ಈಜು ಕಲಿಸುವಾಗಲೂ ಕೈ ಬಿಟ್ಟದ್ದೇ ತಡವಾಗಿ" ಅಂದರು. ಮೊದಲ ಭಾನುವಾರ ಒಬ್ಬಳೇ ಠಾಣೆಯವರೆಗೆ ಸ್ಲೋ ಹಿಡಿಯಲು ಹೋದೆ. ಹಳಿ ರಿಪೇರಿಗೆ ಅಂತ ಭಾನುವಾರ ಗಾಡಿ ಕಡಿಮೆ ಮಾಡುವ ಮೆಗಾ ಬ್ಲಾಕ್ ಇದೆಯಾ ಅಂತ ನೋಡಿಕೊಂಡೇ ಹೋಗಿರಲಿಲ್ಲ, ಪ್ಲಾಟ್‌ಫಾರ್ಮಿನಲ್ಲೇ ಜಾತ್ರೆ. ಕೋಪರ್ ದಾಟಿತು, ದಿವಾದಲ್ಲಿ ಇಳಿದುಬಿಟ್ಟೆ, ಏರುತ್ತಿರುವಾಗಲೇ. ಅತ್ತೆ. ಒಂದು ಚಹಾ ಕುಡಿದು ಮುಂದಿನ ಗಾಡಿ ಹತ್ತಿದೆ, ಮುಂಬ್ರಾ, ಕಳವಾ, ಠಾಣೆ. ಅದನ್ನು ಪಾಸ್ ಅಂತ ಲೆಕ್ಕ ಹಾಕಬಹುದಾ ಗೊತ್ತಿಲ್ಲ, ನಾನು ಹಾಕಿಕೊಂಡಿದ್ದೇನೆ.

ಈ ವಾರ ಮೂರು ದಿನ ಫಾಸ್ಟ್‌ನಲ್ಲಿ ಹೋದೆ, ನಾನು ಹಿಂದಿನ ಲೇಡೀಸ್, ತಾಈ ನಡುವಿನದು. ಮಂಗಳವಾರ ಕುರ್ಲಾ ಹತ್ತಿರ ಗಾಡಿ ನಿಂತಿತು, ಬೆರಳು ಜುಮ್ಮೆಂದಿತು. ಚಹಾ ಊದುವ ಹಾಗೆ ಊದಿದೆ, ಮುಂದೆ ನಿಂತಿದ್ದವರ ಜಡೆ ಹಾರಿತು, ಅವರು ತಿರುಗಿ ನೋಡಿದರು, ಸಾರಿ ಅಂದೆ. ದಾದರ್‌ಗೆ ಇಳಿಯುತ್ತೀಯಾ ಅಂತ ಕೇಳಿದರು. ಇಲ್ಲ, ಕೊನೇ ಸ್ಟಾಪ್ ಅಂದೆ. ಹಾಗಾದರೆ ಒಳಗೆ ಸರಿ ಅಂದರು.

ಚೀಲದಲ್ಲಿ ಗೋರಿಕಾಯಿ ಇಟ್ಟುಕೊಂಡೇ ಹೋಗುತ್ತಿದ್ದೇನೆ. ಬೆಳಿಗ್ಗೆ ಡಬ್ಬದಲ್ಲಿ ತರಕಾರಿ ತೆಗೆದರೆ ನೋಡಿ ನಗುತ್ತಾರೆ, ಆದರೂ. ಸಿಸ್ಟರ್, ಸಯನ್‌ಗೆ ಶುಕ್ರವಾರ ಹೋಗುತ್ತಿದ್ದೇನೆ. ಮಾಣಿ ಅವರೇ, ನಿಮ್ಮ ಹೋಟೆಲು ಮಾಟುಂಗಾದಲ್ಲಿ ಯಾವ ಕಡೆ? ಸಯನ್‌ನಿಂದ ಒಂದೇ ಸ್ಟೇಷನ್, ಬಂದರೆ ಕಾಫಿ ಸಿಗುತ್ತಾ?

ಮಾಟುಂಗಾ ಮಾಣಿ:

ಈಸ್ಟ್. ಬನ್ನಿ. ಭಟ್ಟರಿಗೆ ಮಾತ್ರ ಹೇಳಿಡುತ್ತೇನೆ, ತೆಂಗಿನಕಾಯಿ ರೇಟ್ ಕೇಳಲು ತಯಾರಾಗಿ ಬನ್ನಿ.